ಸಣಕಲನ ರಕ್ತದ ಕೊಬ್ಬು

ನನ್ನ ತೂಕ 61 ಕೆಜಿ. ಮದುವೆ ಮನೆಯಲ್ಲಿ ಸಿಕ್ಕವರೆಲ್ಲ 'ಸ್ವಲ್ಪ ಮೈ ಹಿಡಿಯೋ ಮಾರಾಯ' ಅನ್ನುವಂಥ ಸಣಕಲ. ಹಾಗಾಗಿ ಕಳೆದ ವರ್ಷ ರಕ್ತಪರೀಕ್ಷೆಗೆ ಹೋದಾಗ ಲ್ಯಾಬಿನ ಹುಡುಗ 'ಖಾಲಿ ಹೊಟ್ಟೇಲೇ ಬಂದಿದ್ರಾ ಸರ್?' ಅಂತ ಎರಡೆರಡು ಸಲ ಯಾಕೆ ಕೇಳಿದ ಅಂತ ಗೊತ್ತಾಗಲಿಲ್ಲ. ಆಮೇಲೆ ಟ್ಯೂಬ್ ಎತ್ತಿ ತೋರಿಸಿದ. ರಕ್ತ ಹೆಪ್ಪುಗಟ್ಟಿದ ಮೇಲೆ ಬೇರೆಯಾಗುವ, ತಿಳಿಯಾಗಿರಬೇಕಾದ ಸೀರಮ್ಮು ಅಕ್ಕಿ ತೊಳೆದ ನೀರಿನ ಹಾಗಿತ್ತು. ರಕ್ತದಲ್ಲಿ ಓಡಾಡುವ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್ 412, ಇರಬೇಕಾದದ್ದು 150ರ ಒಳಗೆ. ಒಳ್ಳೆಯ ಕೊಲೆಸ್ಟ್ರಾಲ್ ಅನ್ನೋ ಎಚ್‌ಡಿಎಲ್ 33. ಗಂಡಸರಿಗೆ 40ಕ್ಕಿಂತ ಕಡಿಮೆ ಆಗಬಾರದು. ನನಗಾಗ 28 ವರ್ಷ. ನಮ್ಮ ದೇಶದವರಲ್ಲಿ ಟ್ರೈಗ್ಲಿಸರೈಡ್ ಹೆಚ್ಚು, ಎಚ್‌ಡಿಎಲ್ ಕಮ್ಮಿ ಅನ್ನೋ ಜೋಡಿ ತೆಳ್ಳಗಿದ್ದವರನ್ನೂ ಬಿಡುವುದಿಲ್ಲವಂತೆ.

ನಾನೇನು ಕೈಕಟ್ಟಿ ಕೂತವನಲ್ಲ, ಭಾನುವಾರ ತಪ್ಪದೆ ಕ್ರಿಕೆಟ್ ಆಡ್ತಿದ್ದೆ. ಎಡವಿದ್ದೇ ಅಲ್ಲಿ. ಸ್ನಾಯುಗಳ ಸಣ್ಣ ರಕ್ತನಾಳಗಳ ಒಳಗೋಡೆಗೆ ಲೈಪೋಪ್ರೋಟೀನ್ ಲೈಪೇಸ್ ಅಂತ ಒಂದು ಕಿಣ್ವ ಅಂಟಿಕೊಂಡಿರುತ್ತದೆ. ರಕ್ತದಲ್ಲಿ ಹರಿದುಹೋಗುವ ಟ್ರೈಗ್ಲಿಸರೈಡನ್ನು ಒಡೆದು ಸ್ನಾಯುವಿಗೆ ಉಣಿಸುವುದು ಅದರ ಕೆಲಸ. ಮೈ ಬೆವರಿದರೆ ಚುರುಕಾಗುತ್ತದೆ, ದಿನವಿಡೀ ಕುರ್ಚಿಯಲ್ಲಿ ಕೂತರೆ ಮಂಕಾಗುತ್ತದೆ. ಒಂದು ಸಲ ಬೆವರಿಳಿಸಿದ ಚುರುಕು ಉಳಿಯೋದು ಹೆಚ್ಚೆಂದರೆ ಎರಡು ದಿನ. ಭಾನುವಾರದ ಕ್ರಿಕೆಟ್ ಮಂಗಳವಾರದ ಹೊತ್ತಿಗೆ ಖಾಲಿ! ಸಕ್ಕರೆಯ ಲೆಕ್ಕವೂ ಹೆಚ್ಚುಕಡಿಮೆ ಹೀಗೇ: ದುಡಿಯುತ್ತಿರುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ಗ್ಲೂಕೋಸ್ ಎಳೆದುಕೊಳ್ಳುತ್ತದೆ. ರಾತ್ರಿ ಊಟ ಆದ ಮೇಲಿನ ಹದಿನೈದು ನಿಮಿಷದ ನಡಿಗೆಗೆ ಅಷ್ಟು ಬೆಲೆ ಬಂದದ್ದು ಇದರಿಂದಲೇ.

ಜನವರಿಯಲ್ಲಿ ವರ್ಷದ ಜಿಮ್ ಫೀ ಕಟ್ಟಿ ಫೆಬ್ರವರಿಗೆ ಶೂ ಮೂಲೆಗೆಸೆಯುವ ಗೆಳೆಯರಿಗೆ ನಾನು ಹೇಳೋದು ಒಂದೇ: ಭಾರ ಎತ್ತದಿದ್ದರೂ ಪರವಾಗಿಲ್ಲ, ಎರಡು ದಿನ ಸಾಲಾಗಿ ತಪ್ಪಿಸಬೇಡಿ.

ದಿನಾ ಮುಕ್ಕಾಲು ಗಂಟೆ ಬಿರುಸಾಗಿ ನಡೆದೆ, ಬೇಕರಿ ಬಿಟ್ಟೆ, ಟೀಗೆ ಸಕ್ಕರೆ ಬಿಟ್ಟೆ. ಐದು ತಿಂಗಳಿಗೆ ಟ್ರೈಗ್ಲಿಸರೈಡ್ 188. ನಡಿಗೆಯ ಪಾಲೆಷ್ಟು, ಬಿಟ್ಟ ಬೆಣ್ಣೆ ಬಿಸ್ಕತ್ತಿನ ಪಾಲೆಷ್ಟು ಅಂತ ಬಿಡಿಸಿ ಹೇಳಲಾರೆ. ತೂಕ ಇಳಿದದ್ದು ಒಂದೇ ಕೆಜಿ. ತಕ್ಕಡಿ ನಂಬಿಕೊಂಡಿದ್ದರೆ ಎರಡನೇ ತಿಂಗಳಿಗೇ ಕೈಬಿಡ್ತಿದ್ದೆ.

ಎಚ್‌ಡಿಎಲ್ ಮಾತ್ರ ತೆವಳಿಕೊಂಡು 37ಕ್ಕೆ ಬಂದಿದೆ. ಕೆಟ್ಟದ್ದು ಅನ್ನೋ ಎಲ್‌ಡಿಎಲ್ 164 ಇದ್ದದ್ದು 158, ಅಷ್ಟೇ. ಅದು ಬರೀ ನಡಿಗೆಗೆ ಹೆಚ್ಚು ಬಗ್ಗುವ ಜಾತಿಯದಲ್ಲ. 'ನಾನು ದಿನಾ ಓಡ್ತೀನಿ' ಅಂತ ಡಾಕ್ಟರನ್ನು ಕೇಳದೆ ಕೊಲೆಸ್ಟ್ರಾಲ್ ಮಾತ್ರೆ ಬಿಟ್ಟವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಮ್ಮಪ್ಪನಿಗೆ 49ಕ್ಕೇ ಸ್ಟೆಂಟ್ ಹಾಕಿದ್ದಾರೆ. ಏಪ್ರಿಲ್ ಪರೀಕ್ಷೆಯಲ್ಲೂ ಹೀಗೇ ಬಂದರೆ ಮಾತ್ರೆ ಶುರು ಮಾಡೋಣ ಅಂದಿದ್ದಾರೆ ನಮ್ಮ ಡಾಕ್ಟರು. ಆಗಲಿ ಅಂದಿದ್ದೇನೆ.