ಟೇಪಿಗಿಂತ ಮೊದಲು ಲಿವರ್ ನೋಡಿ

ನಿಮ್ಮ ಪೋಸ್ಟಿನಲ್ಲಿ ಹಳೆ ರೋಡ್ ಬೈಕಿನ, ಅಂದರೆ ರೇಸ್ ಸೈಕಲ್ಲಿನ, ಹ್ಯಾಂಡಲ್‌ಗೆ ಟೇಪನ್ನು ಮೇಲಿಂದ ಕೆಳಕ್ಕೆ ಸುತ್ತಿ ಅಂತ ಬರೆದಿದ್ದೀರಿ ಸರ್. ನಾನೂ ಮೊದಲ ಸಲ ಹಾಗೇ ಸುತ್ತಿದ್ದೆ. ಚಾಮುಂಡಿ ಬೆಟ್ಟ ಹತ್ತುವಾಗ ಕೈ ಮೇಲುಗಡೆ ಊರಿರುತ್ತೇವಲ್ಲ, ಭಾರ, ಬೆವರು ಎರಡೂ ಸೇರಿ ಒಂದೊಂದೇ ಸುತ್ತಿನ ಅಂಚು ಎದ್ದು ಬಾಳೆ ಸಿಪ್ಪೆ ಥರ ಸುಲಿದುಕೊಂಡಿತು. ಈಗ ಕೆಳಗಿನ ತುದಿಯಿಂದಲೇ ಶುರು ಮಾಡುತ್ತೇನೆ. ಕೈ ಜಾರಿದರೂ ಅಂಚು ಒತ್ತಿಕೊಳ್ಳುತ್ತದೆ.

ಬ್ರೇಕ್ ಲಿವರ್ ವಿಷಯ ನೀವು ಒಂದೇ ಸಾಲಲ್ಲಿ ಮುಗಿಸಿಬಿಟ್ಟಿರಿ, ಅಸಲಿ ಕೆಲಸ ಅದೇ ಅಲ್ವಾ? ಹ್ಯಾಂಡಲ್ ಬಾರಿನ ಕೆಳಗಿನ ನೇರ ಭಾಗಕ್ಕೆ ಒಂದು ಸ್ಕೇಲ್ ಹಿಡಿಯಿರಿ. ಲಿವರಿನ ತುದಿ ಅದಕ್ಕೆ ಮುಟ್ಟಬೇಕು. ಹಳೆ ಬೈಕುಗಳಿಗೆ ಇದೇ ಲೆಕ್ಕ. ಬಿಗಿಯುವ ತಿರುಪು ಲಿವರಿನ ಒಳಗಡೆ ಇರುತ್ತದೆ, ಹಾಗಾಗಿ ಕೇಬಲ್ ಹಾಕುವ ಮೊದಲೇ ಬಿಗಿ ಮಾಡಿ. ಆಮೇಲೆ ಒದ್ದಾಡಬೇಡಿ. ಕೆಳಕ್ಕೆ ಬಾಗಿದ ಈ ಡ್ರಾಪ್ ಬಾರಿನ ದಪ್ಪ ಸಾಮಾನ್ಯವಾಗಿ 23.8 ಮಿ.ಮೀ. ನೇರ ಹ್ಯಾಂಡಲಿಗೆಂದು ಮಾಡಿದ 22.2 ಮಿ.ಮೀ. ಅಳತೆಯ ಲಿವರ್ ಇದಕ್ಕೆ ಕೂರುವುದಿಲ್ಲ. ನಮ್ಮೂರಿನ ಅಂಗಡಿಯೊಂದರಲ್ಲಿ ಅದನ್ನೇ ಕೊಟ್ಟು ಕಳಿಸಿದ್ದರು. ಒಂದು ಭಾನುವಾರ ಹಾಳು.

ಲಿವರನ್ನು ಬಾರಿಗೆ ಹಿಡಿದಿಡುವ ಪಟ್ಟಿ, ಅಂದರೆ ಕ್ಲ್ಯಾಂಪ್, ಕಾಣದ ಹಾಗೆ ಅಲ್ಲಿಗೆ ಸುತ್ತುವ ಮೊದಲೇ ಒಂದು ಬೆರಳುದ್ದದ ತುಂಡು ಟೇಪ್ ಅಂಟಿಸಿಕೊಳ್ಳಿ.

ಹತ್ತಿ ಟೇಪ್ ಆದರೆ ಬಡಗಿಗಳು ಬಳಸುವ ಅರಗಿನ ಪಾಲಿಶ್ ಎರಡು ಮೂರು ಕೋಟ್ ಹೊಡೆಯಿರಿ. ಬಣ್ಣ ಜೇನಿನ ಹಾಗಾಗುತ್ತದೆ, ನೀರಿಗೂ ಅಷ್ಟು ಜಗ್ಗಲ್ಲ. ವೋಟಿನ ಶಾಯಿ ಮಾಡುವ ನಮ್ಮ ಮೈಸೂರಿನ ಕಾರ್ಖಾನೆ ಕೂಡ 1937ರಲ್ಲಿ ಅರಗು, ಬಣ್ಣದ ಕಾರ್ಖಾನೆಯಾಗಿಯೇ ಶುರುವಾದದ್ದು! ಅಂದಹಾಗೆ, ನಿಮ್ಮ ಫೋಟೋದಲ್ಲಿ ಎಡಗಡೆ ಲಿವರ್ ಸ್ವಲ್ಪ ಕೆಳಗಿದೆ, ನೋಡಿ.