ಸಾಮಾಜಿಕ ಜಾಲತಾಣದ ಖಾತೆಗೆ ಗುರುತಿನ ದಾಖಲೆ ಕಡ್ಡಾಯವಾಗಬೇಕೇ?

ಪರ: ನೊಂದವಳ ಖಾಸಗಿತನಕ್ಕೂ ಬೆಲೆಯಿದೆ

ಕಳೆದ ವರ್ಷ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ತಾಯಿಯನ್ನು ಜೊತೆಗೆ ಕರೆದುಕೊಂಡು ನಮ್ಮ ಮನೆಗೆ ಬಂದಳು. ಯಾರೋ ಅವಳ ಹೆಸರಿನಲ್ಲಿ ಜಾಲತಾಣವೊಂದರಲ್ಲಿ ಖಾತೆ ತೆರೆದು, ಅವಳದೇ ಚಿತ್ರ ಹಾಕಿ, ಅವಳ ಸಹಪಾಠಿಗಳಿಗೆ, ಸೋದರಮಾವನಿಗೆ, ಕೊನೆಗೆ ಅವಳು ಪಾಠ ಹೇಳುತ್ತಿದ್ದ ಶಾಲೆಯ ಮುಖ್ಯೋಪಾಧ್ಯಾಯರಿಗೂ ಬಾಯಲ್ಲಿ ಹೇಳಲಾಗದಂಥ ಸಂದೇಶಗಳನ್ನು ಕಳಿಸಿದ್ದರು. ಅವಳು ಮೊಬೈಲ್ ತೆರೆದು ನನಗೆ ತೋರಿಸಿದಳು. ಅದು ಅವಳ ಅಕ್ಕನ ಸೀಮಂತದ ದಿನ ತೆಗೆದ ಚಿತ್ರ. ಪಕ್ಕದಲ್ಲಿ ನಿಂತಿದ್ದ ಅಕ್ಕನನ್ನು ಕತ್ತರಿಸಿ ಬಿಟ್ಟಿದ್ದರೂ, ಹಸಿರು ಬಳೆ ತೊಟ್ಟ ಅಕ್ಕನ ಕೈ ಮಾತ್ರ ಇವಳ ಹೆಗಲ ಮೇಲೆ ಹಾಗೆಯೇ ಉಳಿದುಕೊಂಡಿತ್ತು. ಆ ಚಿತ್ರವನ್ನು ಅವಳು ಎಲ್ಲಿಯೂ ಹಾಕಿರಲಿಲ್ಲ; ಮನೆಯವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಾತ್ರ ಹಂಚಿಕೊಂಡಿದ್ದರು. "ಅಂದರೆ ನಮ್ಮವರೇ ಯಾರೋ, ಮೇಡಂ" ಎಂದು ಹೇಳಿ ಅವಳು ಸುಮ್ಮನಾದಳು. ಅವಳ ತಾಯಿ ತಲೆ ಎತ್ತಲಿಲ್ಲ.

ಠಾಣೆಯಲ್ಲಿ ದೂರು ಬರೆದುಕೊಂಡರು. ಕಂಪನಿಯಿಂದ ವಿವರ ಬರಬೇಕು ಎಂದರು. ವಾರಗಳ ನಂತರ ಬಂದ ವಿವರವೆಂದರೆ ಸುಳ್ಳು ಹೆಸರಿನ ಒಂದು ಇಮೇಲ್ ವಿಳಾಸ. ಅಷ್ಟರಲ್ಲಿ ಮೊದಲ ಖಾತೆ ಅಳಿಸಿಹೋಗಿತ್ತು, ಹೆಸರಿಗೆ ಒಂದಕ್ಷರ ಹೆಚ್ಚು ಸೇರಿಸಿಕೊಂಡು ಎರಡನೆಯದು ಹುಟ್ಟಿತ್ತು. ಇದನ್ನು ಮಾಡಿದವರು ಯಾರೆಂದು ಇಂದಿಗೂ ತಿಳಿದಿಲ್ಲ. ಆ ಅಕ್ಕನ ಮಗುವಿನ ನಾಮಕರಣದಲ್ಲಿ ಈ ಹುಡುಗಿ ಒಂದೇ ಒಂದು ಚಿತ್ರಕ್ಕೂ ನಿಲ್ಲಲಿಲ್ಲವಂತೆ.

ಕಾನೂನು ಇಲ್ಲವೆಂದಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಮತ್ತು 66ಡಿ ಸೆಕ್ಷನ್‌ಗಳು ಗುರುತಿನ ಕಳವಿಗೂ ಬೇರೆಯವರ ಸೋಗಿನಲ್ಲಿ ಮಾಡುವ ವಂಚನೆಗೂ 3 ವರ್ಷಗಳವರೆಗೆ ಜೈಲು ಶಿಕ್ಷೆ ವಿಧಿಸುತ್ತವೆ. ಆದರೆ ಶಿಕ್ಷೆ ಕೊಡಲು ಮೊದಲು ಆಸಾಮಿ ಸಿಗಬೇಕಲ್ಲ! ಸಿಮ್ ಕೊಳ್ಳಲು ದಾಖಲೆ ಬೇಕು, ಬ್ಯಾಂಕ್ ಖಾತೆಗೆ ಬೇಕು, ಪರ ಊರಿನಲ್ಲಿ ಒಂದು ರಾತ್ರಿ ತಂಗಲು ಲಾಡ್ಜಿನ ಕೊಠಡಿ ಹಿಡಿದರೂ ಬೇಕು. ಒಬ್ಬ ಹೆಣ್ಣುಮಗಳ ಮಾನವನ್ನು ಊರೆಲ್ಲ ಹರಾಜಿಗಿಡಬಲ್ಲ ಖಾತೆಗೆ ಮಾತ್ರ ಏನೂ ಬೇಡವೆಂದರೆ ಅದು ಯಾವ ನ್ಯಾಯ? ಇದೇ ಕಾಯ್ದೆಯಡಿ ಕೇಂದ್ರ ಸರ್ಕಾರ ತಂದ 2021ರ ನಿಯಮಗಳು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಖಾತೆ ಪರಿಶೀಲನೆಗೆ ಅವಕಾಶ ಕಲ್ಪಿಸಬೇಕೆಂದು ಹೇಳಿದವು. ಆದರೆ ಪರಿಶೀಲಿಸಿಕೊಳ್ಳುವುದು ಬಳಕೆದಾರರ ಇಚ್ಛೆ. ಇಚ್ಛೆಗೆ ಬಿಟ್ಟರೆ ಸಂಭಾವಿತರು ದಾಖಲೆ ಕೊಡುತ್ತಾರೆ, ಕಿಡಿಗೇಡಿ ಕೊಡುವುದಿಲ್ಲ.

ನಿಜವಾದ ಹೆಸರನ್ನು ಎಲ್ಲರಿಗೂ ಕಾಣುವಂತೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಕಾವ್ಯನಾಮವಿರಲಿ, ಅಡ್ಡಹೆಸರಿರಲಿ, ಹೂವಿನ ಚಿತ್ರವಿರಲಿ. ಅದರ ಹಿಂದಿರುವವರು ಯಾರೆಂಬುದು ಒಂದೆಡೆ ದಾಖಲಾಗಿರಬೇಕು ಮತ್ತು ನ್ಯಾಯಾಲಯದ ಆದೇಶವಿದ್ದರೆ ಮಾತ್ರ ಆ ದಾಖಲೆ ತೆರೆಯಬೇಕು. ಇದನ್ನು ವಿರೋಧಿಸುವವರು ಹೆಸರು ಮುಚ್ಚಿಟ್ಟು ಬರೆಯುವವರೆಲ್ಲರೂ ಭ್ರಷ್ಟಾಚಾರವನ್ನು ಬಯಲಿಗೆಳೆಯುವ ಧೀರರೇ ಎಂಬಂತೆ ಮಾತನಾಡುತ್ತಾರೆ. ಹತ್ತು ವರ್ಷಗಳಿಂದ ನನ್ನ ವಿದ್ಯಾರ್ಥಿನಿಯರು ಅಳುತ್ತ ತಂದು ತೋರಿಸಿದ ಅನಾಮಧೇಯ ಖಾತೆಗಳಲ್ಲಿ ಅಂಥ ಧೀರರನ್ನು ನಾನು ಕಾಣಲಿಲ್ಲ. ಖಾಸಗಿತನ ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿತು. ಆ ಅರ್ಜಿ ಹಾಕಿದವರು ನಮ್ಮದೇ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಹಕ್ಕು ಮುಖ ಮರೆಸಿಕೊಂಡವನಿಗೆ ಇರುವಷ್ಟೇ ಸೀಮಂತದ ಚಿತ್ರದಲ್ಲಿದ್ದ ಹುಡುಗಿಗೂ ಇದೆ. ಅದು ಮಿತಿಯೇ ಇಲ್ಲದ ಹಕ್ಕಲ್ಲ ಎಂದು ಅದೇ ತೀರ್ಪು ಹೇಳಿದೆ.

ವಿರೋಧ: ಕೂಡಿಟ್ಟ ದಾಖಲೆಗೆ ಕಾವಲು ಯಾರದು?

ವಿರೋಧದ ಬದಿಯನ್ನು ಬರೆಯಬೇಕೆಂದು ನನ್ನನ್ನು ಕೇಳಿದಾಗ ಸ್ವಲ್ಪ ಹಿಂಜರಿದೆ. ಹಣ ಕೊಟ್ಟು ಜಾಹೀರಾತು ಹಾಕುವವರಿಗೂ ಲಕ್ಷಾಂತರ ಜನರನ್ನು ತಲುಪುವ ಖಾತೆಗಳಿಗೂ ಪರಿಶೀಲನೆ ಇರಬೇಕೆಂಬುದೇ ನನ್ನ ಅಭಿಪ್ರಾಯ. ಪ್ರತಿಯೊಬ್ಬರಿಗೂ ಕಡ್ಡಾಯ ಎನ್ನುವಾಗ ಮಾತ್ರ ನಾನು ಒಪ್ಪಲಾರೆ.

ಕೆಲವು ವರ್ಷಗಳ ಹಿಂದೆ ಬಸ್ ನಿಲ್ದಾಣವೊಂದರಲ್ಲಿ ಹುರಿಗಡಲೆ ಕೊಂಡಿದ್ದೆ. ತಿಂದು ಮುಗಿಸಿ ಪೊಟ್ಟಣವನ್ನು ಬಿಡಿಸಿದರೆ ಅದು ಯಾರದೋ ಆಧಾರ್ ಕಾರ್ಡಿನ ಜೆರಾಕ್ಸ್ ಪ್ರತಿ. ಹೆಸರು, ಮನೆಯ ವಿಳಾಸ, 12 ಅಂಕಿಗಳು, ಎಣ್ಣೆ ಹತ್ತಿದ ಮುಖ, ಕೆಳಗೆ "ಸಿಮ್‌ಗಾಗಿ" ಎಂದು ಬರೆದು ಹಾಕಿದ ಸಹಿ. ಆ ಮನುಷ್ಯನೂ ಕೇಳಿದವರನ್ನು ನಂಬಿಯೇ ದಾಖಲೆ ಕೊಟ್ಟಿರಬೇಕು. ಕೋಟ್ಯಂತರ ಜನರ ಇಂಥ ಪ್ರತಿಗಳನ್ನು ಜಾಲತಾಣದ ಕಂಪನಿಗಳ ಕೈಗೆ ಕೊಡಿ ಎನ್ನುವುದು ಸುರಕ್ಷತೆಯ ಕ್ರಮವೆಂದು ನನಗೆ ತೋರುವುದಿಲ್ಲ.

ದಕ್ಷಿಣ ಕೊರಿಯಾ ಇದನ್ನು ಮಾಡಿ ನೋಡಿದೆ. ಅಲ್ಲಿ 2007ರಲ್ಲಿ ದೊಡ್ಡ ಜಾಲತಾಣಗಳಲ್ಲಿ ಬರೆಯುವವರ ಗುರುತನ್ನು ಪರಿಶೀಲಿಸುವುದು ಕಡ್ಡಾಯವಾಯಿತು. ನಮ್ಮ ಆಧಾರ್‌ ಸಂಖ್ಯೆಯಂತೆ ಅಲ್ಲಿನವರಿಗಿರುವ ನಿವಾಸಿ ನೋಂದಣಿ ಸಂಖ್ಯೆಗಳು ಕಂಪನಿಗಳ ಕಂಪ್ಯೂಟರುಗಳಲ್ಲಿ ರಾಶಿಬಿದ್ದವು. 2011ರ ಜುಲೈನಲ್ಲಿ ನೇಟ್ ಮತ್ತು ಸೈವರ್ಲ್ಡ್ ಎಂಬ ತಾಣಗಳಿಗೆ ಕನ್ನ ಹಾಕಿದವರು ಸುಮಾರು 3.5 ಕೋಟಿ ಬಳಕೆದಾರರ ಮಾಹಿತಿಯನ್ನು ಹೊತ್ತೊಯ್ದರು. ಆ ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ. ಮರುವರ್ಷ ಆಗಸ್ಟ್ 23ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯವು ಈ ಕಡ್ಡಾಯವನ್ನು ಸರ್ವಾನುಮತದಿಂದ ರದ್ದುಪಡಿಸಿತು. ನಮ್ಮಲ್ಲಿಯೂ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಭದ್ರತೆಯಲ್ಲಿ ಸೋತ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಬಹುದೆನ್ನುತ್ತದೆ. ದಂಡ ಕಟ್ಟಿಸಿಕೊಂಡ ಮಾತ್ರಕ್ಕೆ ಸೋರಿಹೋದ ವಿಳಾಸ ಮರಳಿ ಬರುವುದಿಲ್ಲ.

ಪರವಾಗಿ ಮಾತನಾಡುವವರು ದಾಖಲೆ ಕೇಳಿದೊಡನೆ ಕಿಡಿಗೇಡಿಗಳೆಲ್ಲ ಓಡಿಹೋಗುತ್ತಾರೆಂದು ನಂಬಿದಂತಿದೆ. ಸಿಮ್‌ಗೆ ದಾಖಲೆ ಕೇಳಲು ತೊಡಗಿ ಎಷ್ಟೋ ವರ್ಷಗಳಾದವು. ಬ್ಯಾಂಕಿನವರೆಂದು ನಂಬಿಸಿ ಒಟಿಪಿ ಕೇಳುವ ಕರೆಗಳು ನಿಂತಿವೆಯೇ? ಬೇರೆಯವರ ದಾಖಲೆಯಲ್ಲಿ ಸಿಮ್ ಪಡೆಯುವವರು ಬೇರೆಯವರ ದಾಖಲೆಯಲ್ಲಿಯೇ ಖಾತೆಯನ್ನೂ ತೆರೆಯುತ್ತಾರೆ, ಆಗ ಪೊಲೀಸರು ಬಂದು ಬಾಗಿಲು ತಟ್ಟುವುದು ಆ ಹುರಿಗಡಲೆ ಪೊಟ್ಟಣದ ಮನುಷ್ಯನ ಮನೆಯದು.

ನಕಲಿ ಖಾತೆಗಳಿಂದ ನೊಂದವರ ಸಂಕಟ ದೊಡ್ಡದು, ಅದಕ್ಕೆ ದೂರು ಬಂದ 24 ಗಂಟೆಗಳೊಳಗೆ ಅಂಥದ್ದನ್ನು ತೆಗೆಯಬೇಕೆಂದು 2021ರ ನಿಯಮಗಳೇ ವಿಧಿಸಿದವು. ಅದನ್ನು ಗಟ್ಟಿಯಾಗಿ ಜಾರಿಗೆ ತರಲಿ. ಹೆಸರು ಮರೆಸುವುದು ದುಷ್ಟರಿಗೆ ಮಾತ್ರ ಬೇಕಾದದ್ದಲ್ಲ. ಹೊಡೆಯುವ ಗಂಡನಿಂದ ದೂರವಾಗಿ ಬೇರೆ ಊರಿನಲ್ಲಿ ಬದುಕು ಕಟ್ಟಿಕೊಂಡ ಹೆಣ್ಣುಮಗಳು ಅಡ್ಡಹೆಸರಿನ ಖಾತೆಯಿಂದಲೇ ತವರಿನ ಸುದ್ದಿ ತಿಳಿಯುತ್ತಾಳೆ. ತನ್ನ ವಿಳಾಸ ಇನ್ನೊಂದು ಕಂಪ್ಯೂಟರಿನಲ್ಲಿ ದಾಖಲಾಗಿದೆ ಎಂದು ತಿಳಿದರೆ ಅವಳು ಅದನ್ನೂ ಬಿಡುತ್ತಾಳೆ. ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿಯೇ ಮಹಿಳೆಯರು ಮತ್ತು ಮಕ್ಕಳ ವಿರುದ್ಧದ ಕೆಲವು ಅಪರಾಧಗಳನ್ನು ಹೆಸರು ಹೇಳದೆ ವರದಿ ಮಾಡುವ ಅವಕಾಶವಿದೆ.