ಬಟನ್ ಯಾವ ಬದಿಗೆ?

ಕಳೆದ ತಿಂಗಳು ಬದಿಯಡ್ಕದಲ್ಲಿ ನಮ್ಮ ಟೈಲರಣ್ಣನ ಹತ್ತಿರ ಒಂದು ಅಂಗಿ ಹೊಲಿಸಲು ಹೋಗಿದ್ದೆ. ನೀಲಿ ಕಾಟನ್, ಸಣ್ಣ ಚೌಕಳಿ, ಫುಲ್ ಕೈ. ಬಟ್ಟೆ ಬಿಡಿಸಿ ನೋಡಿ "ಯಾರಿಗೆ ಮಾರಾಯ್ತಿ, ತಮ್ಮನಿಗಾ?" ಅಂತ ಕೇಳಿದರು. ನನಗೇ ಅಂದೆ. ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಒಂದೇ ಪ್ರಶ್ನೆ, "ಬಟನ್ ಯಾವ ಬದಿಗೆ?"

ಗೊತ್ತಲ್ವಾ, ಗಂಡಸರ ಅಂಗಿಗೆ ಬಟನ್ ಬಲಕ್ಕೆ, ಹೆಂಗಸರದ್ದಕ್ಕೆ ಎಡಕ್ಕೆ. "ಬಲಕ್ಕೇ ಇಡಿ. ಕಿಸೆಯೂ ಬೇಕು, ಫೋನ್ ಹಿಡಿಯುವಷ್ಟು ದೊಡ್ಡದು" ಅಂದೆ. ಪುಸ್ತಕದಲ್ಲಿ ಬರೆದುಕೊಂಡರು. ಮುಗಿಯಿತು. ಬಸ್ಸಿನಲ್ಲಿ ಕೂತು ರಿಹರ್ಸಲ್ ಮಾಡಿಕೊಂಡು ಹೋಗಿದ್ದ ವಾದವೆಲ್ಲ ದಂಡ.

ವಾದ ಬೇಕಾದದ್ದು ಮನೆಯಲ್ಲಿ. ನಾನು ಲೆಸ್ಬಿಯನ್ ಅಂತ ಗೊತ್ತಾದ ಮೇಲೆ ನಮ್ಮ ಒಬ್ಬ ಭಾವನಿಗೆ ನನ್ನ ಅಂಗಿ ಕಂಡರೆ ಸಾಕು, "ಇದೆಲ್ಲ ಫಾರಿನ್ ಫ್ಯಾಶನ್" ಅಂತ ಶುರು. ಭಾವ, ಸ್ವಲ್ಪ ನಿಮ್ಮ ಅತ್ತೆಯನ್ನೇ ನೋಡಿ. ನಮ್ಮಮ್ಮ ನನಗೆ ಬುದ್ಧಿ ಬಂದಾಗಿನಿಂದ ತೋಟಕ್ಕೆ ಹೋಗುವುದು ನೈಟಿ ಮೇಲೆ ಅಪ್ಪನ ಹಳೆ ಅಂಗಿ ಹಾಕಿಕೊಂಡೇ. ತಲೆಗೆ ಬೈರಾಸು. ಕಾಲರ್ ಸವೆದು ನೂಲು ಎದ್ದಿರುತ್ತದೆ, ಕಿಸೆ ಮೇಲೆ ಬಾಳೆಕಾಯಿಯ ಕಲೆ, ಎರಡನೇ ಬಟನ್ ಇರಬೇಕಾದಲ್ಲಿ ಸೇಫ್ಟಿ ಪಿನ್ನು. ನಮ್ಮ ಕಡೆ ಯಾವ ತೋಟಕ್ಕೆ ಹೋದರೂ ಇದೇ ಡ್ರೆಸ್ಸು. ಯಾರೂ ಒಂದು ಮಾತು ಆಡುವುದಿಲ್ಲ. ಆದರೆ ಗೇಟಿನ ಸದ್ದಾದರೆ ಅಮ್ಮ ಮೊದಲು ಮಾಡುವ ಕೆಲಸ ಆ ಅಂಗಿ ಬಿಚ್ಚಿ ಬಟ್ಟೆ ಹಗ್ಗಕ್ಕೆ ಎಸೆಯುವುದು.

ಇದನ್ನು ನೋಡುವಾಗೆಲ್ಲ ನನಗೆ ರೋಸಾ ಬೊನ್ಯೂರ್ ನೆನಪಾಗುತ್ತಾಳೆ. ಫ್ರಾನ್ಸಿನ ಚಿತ್ರಗಾರ್ತಿ, ದನ ಕುದುರೆಗಳನ್ನು ಬಿಡಿಸಿ ಹೆಸರಾದವಳು, ನತಾಲಿ ಮಿಕಾಸ್ ಎಂಬವಳ ಜೊತೆ ಆಕೆ ಸಾಯುವವರೆಗೂ ಬಾಳಿದವಳು. ಪ್ಯಾರಿಸ್ಸಿನಲ್ಲಿ ಹೆಂಗಸು ಪ್ಯಾಂಟು ಹಾಕಬೇಕಾದರೆ ಪೊಲೀಸರ ಪರವಾನಗಿ ಬೇಕು ಅಂತ 1800ರಲ್ಲೇ ಆದೇಶ ಆಗಿತ್ತು. ಕುದುರೆ ಸಂತೆಗೆ, ಕಸಾಯಿಖಾನೆಗೆ ಲಂಗ ಎಳೆದುಕೊಂಡು ಹೋಗುವುದು ಹೇಗೆ ಅಂತ ಇವಳು ಪರವಾನಗಿ ತೆಗೆದುಕೊಂಡಳು. 1857ರ ಕಾಗದ ಈಗಲೂ ಉಂಟು. ಆರು ತಿಂಗಳಿಗೊಮ್ಮೆ ರಿನ್ಯೂ ಮಾಡಿಸಬೇಕು. ಇನ್ನೊಂದು ಷರತ್ತು ಕೇಳಿ: ಆ ವೇಷದಲ್ಲಿ ನಾಟಕಕ್ಕೆ, ನೃತ್ಯಕ್ಕೆ, ನಾಲ್ಕು ಜನ ಸೇರುವಲ್ಲಿಗೆ ಹೋಗುವಂತಿಲ್ಲ. ಅಂದರೆ ಕೆಲಸಕ್ಕಾದರೆ ಸರಿ, ಗೇಟಿನ ಹತ್ತಿರ ಬೇಡ! ಆ ಆದೇಶಕ್ಕೆ ಇನ್ನು ಬೆಲೆ ಇಲ್ಲ ಅಂತ ಅಲ್ಲಿನ ಸರಕಾರ ಹೇಳಿದ್ದು 2013ರಲ್ಲಿ.

ನನ್ನ ಅಂಗಿಯ ತಕರಾರೂ ಇಷ್ಟೇ. ಅದಕ್ಕೆ ಅಡಿಕೆ ಹೆಕ್ಕುವ ನೆಪ ಇಲ್ಲ. ಇಷ್ಟ ಅಂತ ಹಾಕುವುದು.

ಇಷ್ಟ ಅಂತ ಹಾಕಿದವರ ಕತೆ ದೊಡ್ಡದು. ಇಂಗ್ಲೆಂಡಿನ ಆ್ಯನ್ ಲಿಸ್ಟರ್ 1810ರ ದಶಕದಲ್ಲೇ ಮೈತುಂಬ ಕಪ್ಪು ಬಟ್ಟೆ ತೊಟ್ಟು ಓಡಾಡಿದಳು, ಹೆಂಗಸರ ಮೇಲಿನ ಪ್ರೀತಿಯನ್ನು ಡೈರಿಯಲ್ಲಿ ಗುಟ್ಟಿನ ಲಿಪಿಯಲ್ಲಿ ಬರೆದಳು. ನನಗೆ ಜಾಸ್ತಿ ಇಷ್ಟ ಗ್ಲಾಡಿಸ್ ಬೆಂಟ್ಲಿ. 1920ರ ದಶಕದ ನ್ಯೂಯಾರ್ಕಿನ ಹಾರ್ಲೆಮ್, ದಪ್ಪಗಿನ ಕಪ್ಪು ಹೆಂಗಸು, ಬಿಳಿ ಸೂಟು, ತಲೆ ಮೇಲೆ ಉದ್ದ ಹ್ಯಾಟು, ಪಿಯಾನೋ ಬಾರಿಸುತ್ತಾ ಎದುರು ಕೂತ ಹೆಂಗಸರನ್ನು ರೇಗಿಸುತ್ತಾ ಹಾಡುವುದು. ಎಂತ ಗತ್ತು ಮಾರಾಯ್ರೇ ಅದು. ಆದರೆ 1952ರಲ್ಲಿ ಅವಳೇ ಪತ್ರಿಕೆಯೊಂದಕ್ಕೆ "ನಾನು ಮತ್ತೆ ಹೆಂಗಸಾದೆ" ಅಂತ ಬರೆದಳು, ಫ್ರಾಕು ತೊಟ್ಟು ಫೋಟೋ ಕೊಟ್ಟಳು. ಅಮೆರಿಕದಲ್ಲಿ ನಮ್ಮಂಥವರನ್ನು ಹುಡುಕಿ ಹುಡುಕಿ ಕೆಲಸದಿಂದ ತೆಗೆಯುತ್ತಿದ್ದ ಕಾಲ ಅದು. ಆ ಫೋಟೋ ನೋಡಿದರೆ ಈಗಲೂ ಹೊಟ್ಟೆ ಚುರುಕ್ ಅನ್ನುತ್ತದೆ.

ಅದೇ ಕಾಲದಲ್ಲಿ ಅಲ್ಲಿನ ಬಾರುಗಳಿಗೆ ಬರುವ ಲೆಸ್ಬಿಯನ್ನರಲ್ಲಿ ಬುಚ್, ಫೆಮ್ ಅಂತ ಎರಡು ಬಗೆ ಇತ್ತು. ಬುಚ್ ಅಂದರೆ ಗಿಡ್ಡ ಕೂದಲು, ಇಸ್ತ್ರಿ ಹಾಕಿದ ಅಂಗಿ. ಫೆಮ್ ಅಂದರೆ ಲಿಪ್‌ಸ್ಟಿಕ್ಕು, ಹೀಲ್ಸು. 1970ರ ದಶಕದ ಸ್ತ್ರೀವಾದಿಗಳಿಗೆ ಇದು ಗಂಡ ಹೆಂಡಿರ ಕಾಪಿ ಅನ್ನಿಸಿತು, ಬಿಡಿ ಅಂದರು, ಬಿಟ್ಟು ಎಲ್ಲರೂ ಚೌಕಳಿ ಅಂಗಿ, ಜೀನ್ಸು, ಬೂಟು ಹಾಕಿಕೊಂಡರು. ಒಂದು ಯೂನಿಫಾರ್ಮ್ ಹೋಗಿ ಇನ್ನೊಂದು ಬಂತು, ಅಷ್ಟೇ ಅಂತ ನನ್ನ ಲೆಕ್ಕ. ಈಗಿನವರು ಎಲ್ಲವನ್ನೂ ಬೆರೆಸುತ್ತಾರೆ. ಸೀರೆಗೆ ಬೂಟು, ಅಂಗಿಗೆ ಮೂಗುಬೊಟ್ಟು, ಪ್ಯಾಂಟಿನ ಬೆಲ್ಟಿಗೆ ಬೆಟ್ಟ ಹತ್ತುವವರ ಕೊಕ್ಕೆಯಲ್ಲಿ ಬೀಗದ ಕೈ. ಆ ಕೊಕ್ಕೆ ನೋಡಿಯೇ ಒಬ್ಬರನ್ನೊಬ್ಬರು ಗುರುತು ಹಿಡಿಯುವುದುಂಟು. ನಾನೂ ಒಂದು ತಂದೆ. ನಮ್ಮೂರಲ್ಲಿ ನೋಡಿದವರೆಲ್ಲ ಬೈಕ್ ಯಾವುದು ಅಂತ ಕೇಳಿದರು.

ಗುರುತು ಅಂದಾಗ ಹೂವಿನ ಮಾತು ಹೇಳಲೇಬೇಕು. ಗ್ರೀಸಿನ ಲೆಸ್ಬೋಸ್ ದ್ವೀಪದ ಹಳೆ ಕಾಲದ ಕವಿ ಸಾಫೋ, ಲೆಸ್ಬಿಯನ್ ಅನ್ನುವ ಹೆಸರು ಬಂದದ್ದೇ ಆ ಊರಿನಿಂದ, ತನ್ನ ಪದ್ಯದಲ್ಲಿ ಗೆಳತಿ ತೊಟ್ಟ ನೇರಳೆ ವಯೊಲೆಟ್ ಹೂವಿನ ಮಾಲೆ ನೆನೆಯುತ್ತಾಳೆ. 1926ರಲ್ಲಿ ನ್ಯೂಯಾರ್ಕಿನ ಒಂದು ನಾಟಕದಲ್ಲಿ ಹೆಂಗಸೊಬ್ಬಳು ಇನ್ನೊಬ್ಬಳಿಗೆ ಅದೇ ಹೂ ಕಳಿಸುತ್ತಾಳೆ. ಮರುವರ್ಷ ಪೊಲೀಸರು ಬಂದು ನಾಟಕವನ್ನೇ ನಿಲ್ಲಿಸಿದರು.

ನಮ್ಮಲ್ಲಿ? ನನ್ನ ಹುಡುಗಿ ಕುಂಬಳೆ ಕಡೆಯವಳು. ಸೊಂಟದವರೆಗೆ ಜಡೆ, ಗಂಜಿ ಹಾಕಿದ ಕಾಸರಗೋಡು ಕೈಮಗ್ಗದ ಸೀರೆ ಅಂದರೆ ಪ್ರಾಣ. ಮೊನ್ನೆ ಒಂದು ಮದುವೆಯಲ್ಲಿ ನೂರಾರು ಜನರ ಎದುರು ಅವಳಿಗೆ ನಾನು ಒಂದು ಚೆಂಡು ಮಲ್ಲಿಗೆ ಮುಡಿಸಿದೆ. ಪಿನ್ನು ಬಾಯಲ್ಲಿ ಕಚ್ಚಿಕೊಂಡು, ಕುತ್ತಿಗೆಯ ಕೂದಲು ಸರಿಸಿ, ನಿಧಾನಕ್ಕೆ. ಯಾರೂ ತಿರುಗಿ ನೋಡಲಿಲ್ಲ. ಒಬ್ಬರು ಅತ್ತೆ ಬಂದು ನನ್ನ ಅಂಗಿ ನೋಡಿ ಮುಖ ಸಿಂಡರಿಸಿದರು, ಅವಳ ಗಲ್ಲ ಮುಟ್ಟಿ "ಇವಳಿಗೊಂದು ಒಳ್ಳೆ ಹುಡುಗನನ್ನು ನೋಡಬೇಕು" ಅಂದರು. ಅವಳು ನಕ್ಕಳು. ಕಾರಿನಲ್ಲಿ ಬರುವಾಗ ಮಾತಾಡಲಿಲ್ಲ.

ಅಂಗಿ ಹಾಕಿದ ನಾನು ಎಲ್ಲರಿಗೂ ಕಾಣುತ್ತೇನೆ, ಬೈಸಿಕೊಳ್ಳುತ್ತೇನೆ. ಅವಳು ಯಾರಿಗೂ ಕಾಣುವುದೇ ಇಲ್ಲ. ನಮ್ಮವರೇ ಕೆಲವರು "ಅವಳು ನಿಜವಾಗಿ ಲೆಸ್ಬಿಯನ್ನಾ?" ಅಂತ ಕೇಳಿದ್ದುಂಟು. ಸಿಟ್ಟು ಬರುವುದು ಅಲ್ಲಿ. ಇನ್ನು "ನಿಮ್ಮಲ್ಲಿ ಗಂಡ ಯಾರು" ಅಂತ ಕೇಳುವವರಿಗೆ: ಯಾರೂ ಅಲ್ಲ ಮಾರಾಯ್ರೇ. ಗಂಡಸಾಗಬೇಕು ಅಂತ ನಾನು ಅಂಗಿ ಹಾಕುವುದೂ ಅಲ್ಲ, ಗಂಡಸರ ಕಣ್ಣಿಗೆ ಬೀಳಲಿ ಅಂತ ಅವಳು ಸೀರೆ ಉಡುವುದೂ ಅಲ್ಲ. 2018ರಲ್ಲಿ ಸುಪ್ರೀಂ ಕೋರ್ಟು ನಾವು ಅಪರಾಧಿಗಳಲ್ಲ ಅಂದಿತು, 2023ರಲ್ಲಿ ಮದುವೆಯ ಹಕ್ಕು ಕೊಡಲು ಆಗುವುದಿಲ್ಲ ಅಂದಿತು. ಬಟನಿನ ವಿಷಯಕ್ಕೆ ಪುಣ್ಯಕ್ಕೆ ಕೈ ಹಾಕಲಿಲ್ಲ.

ಅಂಗಿ ಹೊಲಿದು ಬಂತು. ಅಮ್ಮ ಕಾಲರ್ ತಿರುಗಿಸಿ ನೋಡಿ "ಹೊಲಿಗೆ ಗಟ್ಟಿ ಉಂಟು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಅಪ್ಪನದ್ದು ಪೂರಾ ಹರಿದಿದೆ ಮಗಾ. ನಿನ್ನ ಹಳೆಯದಿದ್ದರೆ ಒಂದು ತೆಗೆದಿಡು, ತೋಟಕ್ಕಾಯಿತು."

ಎರಡು ಕೊಟ್ಟಿದ್ದೇನೆ. ಒಂದರ ಕಿಸೆಯಲ್ಲಿ ಈಗ ಅಮ್ಮನ ಎಲೆಅಡಿಕೆಯ ತೊಟ್ಟೆ. ಗೇಟಿನ ಸದ್ದಾದರೆ ಮಾತ್ರ ಇದೂ ಹಗ್ಗಕ್ಕೇ.